ಚಂದ್ರಾವತಿಯ ತಪ್ಪುಕಾಣಿಕೆ

ನಮ್ಮ ಅತ್ತಿಗೆ ಚಂದ್ರಾವತಿ ದೇವರಿಲ್ಲ ಎಂದು ಒಂದು ದಿನವೂ ಹೇಳಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಊರ ಬಾಯಿಗೆ ಮುಚ್ಚಳವಿಲ್ಲ ನೋಡಿ. ಅವಳನ್ನು ನಾಸ್ತಿಕಳು ಎಂದವರಿದ್ದಾರೆ. ಬ್ರಹ್ಮಾವರದ ಹೆಣ್ಣಲ್ಲವೇ, ಮನೆ ಪಕ್ಕ ಕ್ರೈಸ್ತರ ಇಗರ್ಜಿ, ಅದರ ಗಾಳಿ ತಾಗಿದೆ ಎಂದವರೂ ಇದ್ದಾರೆ. ಹಾಗೆಂದವರಲ್ಲಿ ಮುಕ್ಕಾಲು ಪಾಲು ಜನ ಅವಳು ತಿಕ್ಕಿ ಬೆಳಗಿದ ದೀಪದ ಎದುರಿಗೇ ನಿಂತು ಕೈ ಮುಗಿದವರು.

ನಾನು ಗೋಪಿ, ಅವಳ ಗಂಡ ಕೃಷ್ಣಯ್ಯನ ತಂಗಿ. ನನ್ನನ್ನು ಕೊಟ್ಟದ್ದು ಬೈಂದೂರಿನ ಹತ್ತಿರದ ಯಡ್ತರೆಗೆ. ತವರು ಕೋಟೇಶ್ವರದಿಂದ ಸ್ವಲ್ಪ ಒಳಗೆ. ಅಣ್ಣನದು ಹೆದ್ದಾರಿ ಬದಿಯಲ್ಲಿ ಒಂದು ದಿನಸಿ ಅಂಗಡಿ. ನಮ್ಮದು ದೇವಸ್ಥಾನದ ಚಾಕರಿಯ ಮನೆ. ಊರಿನ ಅಮ್ಮನವರ ಗುಡಿಯ ಹಿತ್ತಾಳೆ ದೀಪಗಳನ್ನು ಪ್ರತಿ ಗುರುವಾರ ತಿಕ್ಕಿ, ಶುಕ್ರವಾರದ ಪೂಜೆಗೆ ಬೆಳಗಿ ಇಡುವುದು ಅಜ್ಜಿಯ ಕಾಲದಿಂದ ನಮ್ಮ ಮನೆಯ ಹೆಂಗಸರ ಪಾಲಿನ ಕೆಲಸ. ಅಪ್ಪಯ್ಯ ತೀರಿಕೊಂಡ ಮೇಲೂ ನಮ್ಮಬ್ಬೆ ಸೀತು ಅದನ್ನು ಬಿಟ್ಟವಳಲ್ಲ.

1997ರಲ್ಲಿ ಅತ್ತಿಗೆ ಮದುವೆಯಾಗಿ ಬಂದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮಬ್ಬೆ ಮಾತ್ರ ತನ್ನ ಕಾಲ ಮುಗಿಯುವ ಮೊದಲೇ ದೀಪಗಳನ್ನು ಸೊಸೆಯ ಮುಂದೆ ಸುರಿದು, ಬುಟ್ಟಿ ತುಂಬ ಬಿಂಬುಳಿ ಕಾಯಿ ಕೊಟ್ಟು, ಮೆಟ್ಟಿಲ ಮೇಲೆ ಪರೀಕ್ಷೆಗೆ ಕೂತಳು. ಆ ಹುಳಿಕಾಯಿ ಜಜ್ಜಿ, ಒಲೆಬೂದಿ ಸೇರಿಸಿ, ತೆಂಗಿನ ನಾರಿನಿಂದ ತಿಕ್ಕಬೇಕು. ಅತ್ತಿಗೆ ದೀಪದ ಕಂಠದ ಸಂದಿಯನ್ನೂ ಬಿಡದೆ ತಿಕ್ಕಿದಳು. ಅಬ್ಬೆಗೆ ತಪ್ಪು ಹಿಡಿಯಲು ಏನೂ ಸಿಗಲಿಲ್ಲ. ಆಮೇಲೆ ಸೊಸೆ ಒಳಗೆ ಹೋಗಿ ಕೈಮುಗಿದು ಬಂದಾಗ ಕೇಳಿದಳು.

"ಎಂತ ಬೇಡ್ಕಂಡೆ ಅಮ್ಮನ ಹತ್ರ?"

"ಎಂತದೂ ಇಲ್ಲ ಅತ್ತೆ. ಅವ್ರ್ ಅಂಗ್ಡಿ ಇಟ್ಕಂಡಿದ್ರಾ, ಕೇಂಬುಕೆ? ಬೇಕಾರೆ ನಿಮ್ಮ ಮಗನ ಅಂಗ್ಡಿಯಾಗ್ ಕೇಂತೆ."

ಅಬ್ಬೆ ಬಾಯಿ ತೆರೆದವಳು ಮುಚ್ಚಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ. ಅಣ್ಣನೂ ಆಗ ನಕ್ಕಿದ್ದ.

ಈ ಮಾತು ಅವಳಿಗೆ ಬಂದದ್ದು ತಂದೆಯಿಂದ. ಅವಳ ಅಪ್ಪ ಮುತ್ತ ಬ್ರಹ್ಮಾವರದ ಕಡೆಯ ಒಂದು ದೇವಸ್ಥಾನದಲ್ಲಿ ಡೋಲು ಬಾರಿಸುತ್ತಿದ್ದವ. ಜೀವಮಾನವಿಡೀ ದೇವರ ಮುಂದೆ ನಡೆದ ಆ ಮನುಷ್ಯ ಮನೆಯಲ್ಲಿ ಹೇಳುತ್ತಿದ್ದದ್ದು ಇಷ್ಟೇ. "ದೇವ್ರ್ ಕೊಡುದೂ ಇಲ್ಲ, ಕಸ್ಕಂಬುದೂ ಇಲ್ಲ. ಎರ್ಡೂ ಮಾಡುದ್ ನಾವೇ." ಮಗಳು ಆ ಮಾತನ್ನು ಸೆರಗಿಗೆ ಕಟ್ಟಿಕೊಂಡೇ ಗಂಡನ ಮನೆಗೆ ಬಂದಿದ್ದಳು.

ನನಗೆ ಅವಳ ಮೇಲೆ ಪ್ರೀತಿ. ಆದರೆ ನಾನು ಹರಕೆ ಹೊರುವವಳು, ಪ್ರಸಾದ ಕೇಳುವವಳು, ಬೆಕ್ಕು ಅಡ್ಡ ಬಂದರೆ ಬಸ್ಸು ತಪ್ಪಿದರೂ ಸರಿ ಎಂದು ನಿಲ್ಲುವವಳು. ಒಮ್ಮೆ ತವರಿಗೆ ಬಂದಾಗ, ಅವಳ ಜತೆ ದೀಪ ತಿಕ್ಕುತ್ತಾ ಕೂತವಳು ತಡೆಯದೆ ಕೇಳಿಬಿಟ್ಟೆ.

"ಹಾಂಗಾರೆ ಒಳ್ಗೆ ಕೂತದ್ ಯಾರ್ ಅತ್ಗೆ?"

"ಯಾರೂ ಕೂತ್ಕಣ್ಲಿಲ್ಲ ಗೋಪಿ. ಒಬ್ರಿಗೊಬ್ರ್ ಅಬ್ಬಿ ಹಾಂಗೆ ಇರ್ಕ್ ಅಂದೇಳಿ ನಮ್ ಹಿರಿಯೋರ್ ಒಂದ್ ಗುರ್ತ್ ಇಟ್ರ್. ದೀಪ ಹೊತ್ಸಿರೆ ಎದ್ರಿಗಿದ್ದೋರ್ ಮುಖ ಕಾಂತಲ್ದಾ? ಅಷ್ಟೇ ದೇವ್ರ್. ನಂಗ್ ಅಷ್ಟ್ ಸಾಕ್."

"ಅಷ್ಟಕ್ಕೆ ಕೈ ಸವೆಯುವ ಹಾಂಗೆ ತಿಕ್ಕುದಾ?"

"ಮುಖ ಸಮಾ ಕಾಣ್ಕ್ ಅಲ್ದಾ, ಮರಾಯ್ತಿ!"

ನನಗೆ ಅರ್ಥವಾದದ್ದು ಕಾಲು ಭಾಗ. ಒಂದು ಮಾತ್ರ ನಿಜ, ನಾವೆಲ್ಲ ಬೇಡುವುದಕ್ಕೆ ಗುಡಿಗೆ ಹೋಗುತ್ತಿದ್ದೆವು. ಬೇಡದೆ ಅಲ್ಲಿಗೆ ಹೋಗುತ್ತಿದ್ದವಳು ಊರಿನಲ್ಲಿ ಅವಳೊಬ್ಬಳೇ.

1999ರಲ್ಲಿ ಕುಂದಾಪುರದ ಆಸ್ಪತ್ರೆಯಲ್ಲಿ ಮಗಳು ನಿಶ್ಮಿತಾ ಹುಟ್ಟಿದಳು. ಹುಟ್ಟಿದ ಕೂಡಲೇ ಮಗು ಅಳಲಿಲ್ಲ. ಹೊರಗೆ ಅಣ್ಣ ಗೋಡೆಗೆ ತಲೆ ಆನಿಸಿ ನಿಂತಿದ್ದ, ತುಟಿ ಮಾತ್ರ ಅಲುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅಳು ಕೇಳಿತು. ಅಣ್ಣನೂ ಅತ್ತ. ಅವಳೊಬ್ಬಳೇ, ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಆ ಮಗುವಿಗೆ ಬೆಲ್ಲ ಎಂದರೆ ಪ್ರಾಣ. ಶಾಲೆಯಿಂದ ಬಂದವಳು ಚೀಲ ಎಸೆದು ಅಂಗಡಿಗೆ ಓಡುವುದು, ಬೆಲ್ಲದ ಡಬ್ಬಿಯ ಹತ್ತಿರ ಕೂರುವುದು, ಅಪ್ಪ ಗಿರಾಕಿಗೆ ಅಕ್ಕಿ ತೂಗುವಾಗ ಒಂದು ತುಂಡು ಬಾಯಿಗೆ ಹಾಕಿಕೊಂಡು ಕೆನ್ನೆ ಉಬ್ಬಿಸಿ ಏನೂ ಗೊತ್ತಿಲ್ಲದವಳ ಹಾಗೆ ರಸ್ತೆ ನೋಡುವುದು. ಅಣ್ಣನಿಗೆ ಎಲ್ಲ ಕಾಣುತ್ತಿತ್ತು. "ಇಲಿ ಬಂತ್ ಇಲಿ," ಎಂದು ಗದರುತ್ತಿದ್ದ. ಇಲಿ ನಗುತ್ತಿತ್ತು.

2006ರಲ್ಲಿ, ಅವಳಿಗೆ ಏಳು ವರ್ಷವಾಗಿದ್ದಾಗ, ಜ್ವರ ಬಂತು. ಎರಡು ದಿನ ಊರಿನ ಡಾಕ್ಟರು ಮದ್ದು ಕೊಟ್ಟರು, ಇಳಿಯಲಿಲ್ಲ. ಶುಕ್ರವಾರ ಬೆಳಿಗ್ಗೆ ಮಗು ಕತ್ತು ಬಗ್ಗಿಸಲಾರದೆ ನರಳತೊಡಗಿತು. ಅಣ್ಣ ರಿಕ್ಷಾ ತಂದ. ನಾನೂ ಆ ವಾರ ತವರಿನಲ್ಲೇ ಇದ್ದೆ. ಮಗು ಅತ್ತಿಗೆಯ ಮಡಿಲಲ್ಲಿ, ಪಕ್ಕದಲ್ಲಿ ನಾನು, ಅಬ್ಬೆ. ಗುಡಿಯ ಎದುರು ಬಂದಾಗ ಅಬ್ಬೆ ರಿಕ್ಷಾ ನಿಲ್ಲಿಸಿದಳು. ಮಗುವನ್ನು ಇಳಿಸಿ ಅಮ್ಮನವರ ಮುಂದೆ ಮಲಗಿಸಬೇಕು, ತುಲಾಭಾರದ ಹರಕೆ ಹೇಳಿಯೇ ಮುಂದೆ ಹೋಗಬೇಕು ಎಂದು ಹಟ ಹಿಡಿದಳು. ಪೂಜೆಗೆ ಬಂದವರು ಸುತ್ತ ಸೇರಿದರು. ಭಟ್ಟರು ಸ್ನಾನಕ್ಕೆ ಹೋಗಿದ್ದರು, ಬರುವವರೆಗೆ ಕಾಯಿರಿ ಎಂದರು ಯಾರೋ. ಮಗು ಒಮ್ಮೆ ಸೆಟೆದುಕೊಂಡಿತು.

ಆಗ ಅತ್ತಿಗೆ ಕಿರುಚಿದಳು. "ಹರ್ಕಿ ಹೇಳಿರೆ ಮಾತ್ರ ಉಳ್ಸುದಾರೆ ಅವ್ಳ್ ಅಮ್ಮ ಅಲ್ಲ! ರಿಕ್ಷಾ ಬಿಡಿ!"

ರಿಕ್ಷಾ ಹೊರಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ಗುಡಿಯ ಅಂಗಳದಲ್ಲೇ ಬಿದ್ದುಕೊಂಡಿತು. ನಾಲ್ಕನೆಯ ದಿನ ದೊಡ್ಡಾಸ್ಪತ್ರೆಯಲ್ಲಿ ನಿಶ್ಮಿತಾ ಹೋದಳು. ಮೆದುಳು ಜ್ವರ ಎಂದರು.

ಜನ ಬಂದರು, ಹೋದರು. ಎಲ್ಲರೂ ಅತ್ತಿಗೆಯ ಕೈ ಹಿಡಿದು ಅತ್ತರು, ಹೊಸ್ತಿಲು ದಾಟಿದ ಮೇಲೆ ಅದೇ ಮಾತನ್ನು ಪಿಸುಗುಟ್ಟಿದರು. ಬ್ರಹ್ಮಾವರದಿಂದ ಅವಳ ತವರಿನ ನೆರೆಯವಳು, ಸೆವ್ರಿನ್ ಬಾಯಿ, ಬಸ್ಸು ಹಿಡಿದು ಬಂದಿದ್ದಳು. ಅವಳೂ ಒಬ್ಬ ಮಗನನ್ನು ಕಳೆದುಕೊಂಡವಳು. ಸಂಜೆವರೆಗೆ ಅತ್ತಿಗೆಯ ಪಕ್ಕ ಸುಮ್ಮನೆ ಕೂತಿದ್ದು, ಹೊರಡುವಾಗ ಹೇಳಿದಳು. "ನನ್ನ ಮಗ ಹೋದಾಗ ದೇವರೇ ಕರ್ಕೊಂಡ ಅಂತ ಎಲ್ಲ ಹೇಳಿದ್ರು ಚಂದ್ರಾ. ನಾನು ಒಪ್ಪಲಿಲ್ಲ. ದೇವರು ಕರ್ಕೊಳ್ಳಲಿಲ್ಲ, ನನ್ನ ಜತೆ ಕೂತು ಅತ್ತ ಅಂತ ಹೇಳಿದೆ. ಇಗರ್ಜಿಯಲ್ಲಿ ಕೆಲವರಿಗೆ ಸಿಟ್ಟು ಬಂತು, ಬರಲಿ." ಆ ದಿನ ಅತ್ತಿಗೆ ತಲೆ ಎತ್ತಿ ನೋಡಿದ್ದು ಅವಳೊಬ್ಬಳನ್ನೇ.

ಸೂತಕ ಕಳೆದ ಮೇಲೆ ಗುಡಿಯ ಆಡಳಿತ ನೋಡುವ ಮೊಕ್ತೇಸರ ರಾಜೀವಣ್ಣ ಮನೆಗೆ ಬಂದರು. ಕೆಟ್ಟ ಮನುಷ್ಯರಲ್ಲ. ಜಗಲಿಯಲ್ಲಿ ಕೂತು, ನೀರು ಬೆಲ್ಲ ಮುಟ್ಟದೆ, ಮೆತ್ತಗೆ ಹೇಳಿದರು. ಅಮ್ಮನ ಎದುರಿನ ನಡೆಯಲ್ಲಿ ಅಂಥ ಮಾತು ಬಂತು, ಒಂದು ತಪ್ಪುಕಾಣಿಕೆ ಹಾಕಿಬಿಡಲಿ, ಅಲ್ಲಿಯವರೆಗೆ ದೀಪ ಮುಟ್ಟುವುದು ಬೇಡ.

ತಪ್ಪುಕಾಣಿಕೆ ಎಂದರೆ ನಮ್ಮ ಕಡೆ ದೊಡ್ಡ ಖರ್ಚಿನ ಬಾಬತ್ತಲ್ಲ. ಒಂದು ನಾಣ್ಯ ಸಾಕು. ಆದರೆ ಅದನ್ನು ಜನರ ಎದುರಿಗೆ ದೇವರ ಮುಂದೆ ಇಡಬೇಕು. ತಪ್ಪು ಏನೆಂದು ಭಟ್ಟರು ಬಾಯಿಬಿಟ್ಟು ಹೇಳಿ, ತಿಳಿದೋ ತಿಳಿಯದೆಯೋ ಆದದ್ದನ್ನು ಹೊಟ್ಟೆಗೆ ಹಾಕಿಕೋ ಎಂದು ಪ್ರಾರ್ಥನೆ ಮಾಡುತ್ತಾರೆ. ಅಲ್ಲಿಗೆ ತೀರಿತು, ಆಮೇಲೆ ಯಾರೂ ಅದನ್ನು ಎತ್ತಬಾರದು. ಒಳ್ಳೆಯ ಪದ್ಧತಿ, ನಾನೇ ಎಷ್ಟೋ ಸಲ ಹಾಕಿದ್ದೇನೆ.

ಅತ್ತಿಗೆ ಹಾಕಲಿಲ್ಲ. ಅಬ್ಬೆ ಅತ್ತಳು, ಹಾಕಲಿಲ್ಲ. ಅಣ್ಣ ಮೊದಲು ಕೇಳಿಕೊಂಡ, ಆಮೇಲೆ ಗದರಿದ, ಕೊನೆಗೆ ಅವಳ ಮುಖಕ್ಕೇ ಹೇಳಿದ. "ನಿನ್ ಬಾಯೇ ನನ್ ಹೆಣ್ಣನ್ನ ತಿಂತ್." ಅಂದಿನಿಂದ ಅವಳು ಬಡಿಸಿದ್ದನ್ನು ಅವನು ಉಣ್ಣಲಿಲ್ಲ. ಪಾತ್ರೆಯಿಂದ ತಾನೇ ಹಾಕಿಕೊಂಡು ಮೂಲೆಯಲ್ಲಿ ಕೂತು ಉಣ್ಣುತ್ತಿದ್ದ. ಇನ್ನೊಂದು ವಿಚಿತ್ರ, ಅಂಗಡಿಯಲ್ಲಿ ಬೆಲ್ಲ ಇಡುವುದನ್ನೇ ಬಿಟ್ಟ. ಮಗುವಿನ ನೆನಪಾಗುತ್ತದೆ ಪಾಪ ಎಂದುಕೊಂಡೆವು. ಬೆಲ್ಲವಿಲ್ಲದ ದಿನಸಿ ಅಂಗಡಿಗೆ ಯಾರು ಬರುತ್ತಾರೆ? ಗಿರಾಕಿಗಳು ಮುಂದಿನ ಅಂಗಡಿಗೆ ನಡೆದರು.

ನನಗೆ ಸಿಟ್ಟು ಬಂದದ್ದು ಅತ್ತಿಗೆಯ ಮೇಲೆಯೇ. ಮಗು ಹೋಯಿತು, ಇನ್ನು ಸಂಸಾರವೂ ಹೋಗಬೇಕೇ? ಯಡ್ತರೆಯಿಂದ ಬಸ್ಸು ಹತ್ತಿ ಬಂದು ಜಗಳಕ್ಕೇ ನಿಂತೆ.

"ಒಂದ್ ರುಪಾಯಿ ಇಟ್ರೆ ನಿನ್ ಗಂಟ್ ಹೋತಾ? ಮನ್ಸಲ್ ಬೇಕಾದ್ ಹೇಳ್ಕ. ಅಣ್ಣ ಸಮಾ ಆತ, ದೀಪನೂ ಬತ್ತ್."

ಅವಳು ಸಿಟ್ಟಾಗಲಿಲ್ಲ. "ಅಮ್ಮ ಅಂತ ಕರಿತ್ರಿ," ಎಂದಳು. "ಆ ಕಾಣ್ಕಿ ಇಟ್ರೆ ನಾ ಎಂತ ಒಪ್ಕಂಡ್ ಹಾಂಗ್ ಆತ್ತ್? ಒಂದ್ ಮಾತಿಗ್ ಸಿಟ್ ಬಂದ್ ಅಮ್ಮ ಏಳ್ ವರ್ಷದ್ ಮಗಿನ್ ಜೀವ ತೆಗ್ದ್ಲ್ ಅಂದೇಳಿ. ಬೀದಿ ಹೆಂಗ್ಸಿನ್ ಮೇಲೂ ನಾ ಅಂಥಾ ಅಪವಾದ ಹಾಕೂದಿಲ್ಲ ಗೋಪಿ. ದೇವ್ರ್ ಮೇಲೆ ಹಾಕ್ಲಾ? ಒಂದ್ ವೇಳಿ ಅಂಥಾ ದೇವ್ರೇ ಹೌದಾರೆ, ತಪ್ಪುಕಾಣ್ಕಿ ಅವ್ಳೇ ಹಾಕ್ಕ್, ನನ್ ಮುಂದೆ."

ನಾನು ಕಿವಿ ಮುಚ್ಚಿಕೊಂಡೆ. ಆದರೆ ವಾಪಸು ಹೋಗುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ನಾನು ಹರಕೆ ಹೊತ್ತು ಹೊತ್ತು ಗೌರವಿಸಿದ್ದಕ್ಕಿಂತ ಹೆಚ್ಚಾಗಿ ಅವಳು ಆ ಅಮ್ಮನನ್ನು ಗೌರವಿಸುತ್ತಿದ್ದಾಳೆ ಎಂದು ಅನಿಸಿ ಸಂಕಟವಾಯಿತು.

ಹಾಗೇ ವರ್ಷಗಳು ಕಳೆದವು. ಅಬ್ಬೆ ತೀರಿಕೊಂಡಳು. ಅಂಗಡಿ ಸೊರಗಿದ್ದಕ್ಕೆ ಅತ್ತಿಗೆ ಗೇರುಬೀಜದ ಕಾರ್ಖಾನೆಗೆ ಹೋದಳು. ಬೀಜದ ಎಣ್ಣೆ ತಾಗಿ ಕೈ ಕಪ್ಪಾಯಿತು, ಚರ್ಮ ಸುಲಿಯಿತು. ಗುಡಿಯ ದೀಪಗಳಿಗೆ ಯಾರೋ ಪೇಟೆಯ ಪುಡಿ ಹಾಕಿ ತೊಳೆಯುತ್ತಿದ್ದರು. ಗುರುವಾರ ಕೆಲಸ ಮುಗಿಸಿ ಬರುವಾಗ ಅತ್ತಿಗೆ ಹೊರಗಿನ ಕಟ್ಟೆಯ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದಳಂತೆ. ಒಳಗೆ ಹೋಗುತ್ತಿರಲಿಲ್ಲ.

2013ರಲ್ಲಿ ಅಣ್ಣನ ಕಿಡ್ನಿ ಕೆಟ್ಟಿತು. ಆಸ್ಪತ್ರೆಗೆ ಅಲೆದದ್ದಾಯಿತು, ಕೊನೆಗೆ ಮನೆಗೆ ಕರೆದುಕೊಂಡು ಹೋಗಿ ಎಂದರು. ನಾನು ಬಂದು ಅಲ್ಲೇ ಉಳಿದೆ. ಅವನ ಮೈ ತೊಳೆದು ಬಟ್ಟೆ ಬದಲಿಸುವುದೆಲ್ಲ ಅತ್ತಿಗೆ. ಅದಕ್ಕೆ ಬೇಡ ಎನ್ನಲಿಲ್ಲ. ಗಂಜಿ ಮಾತ್ರ ಅವಳ ಕೈಯಿಂದ ಕುಡಿಯಲಿಲ್ಲ, ನಾನೇ ಕುಡಿಸಬೇಕಿತ್ತು. ಸಾಯುವ ಮನುಷ್ಯನಿಗೆ ಅಷ್ಟೊಂದು ಹಟ ಎಲ್ಲಿಂದ ಬಂತೋ.

ಒಂದು ಮಧ್ಯಾಹ್ನ ಅತ್ತಿಗೆ ಅವನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಅವನು ಮಾಡಿನ ಕಡೆ ನೋಡುತ್ತಾ ಇದ್ದಕ್ಕಿದ್ದಂತೆ ಹೇಳಿದ.

"ನಿನ್ ಬಾಯಲ್ಲ ಚಂದ್ರಾ. ನನ್ ಹರ್ಕಿ."

ಮತ್ತೆ ನಿಧಾನಕ್ಕೆ ಎಲ್ಲ ಹೊರಬಂತು. ಹುಟ್ಟಿದಾಗ ಮಗು ಅಳಲಿಲ್ಲವಲ್ಲ, ಆಗ ಗೋಡೆಗೆ ತಲೆ ಆನಿಸಿ ಅವನು ಹರಕೆ ಹೇಳಿದ್ದ. ಮಗು ಅತ್ತರೆ, ಐದು ತುಂಬುವುದರೊಳಗೆ ಅದರ ತೂಕದ ಬೆಲ್ಲ ತೂಗಿ ಅಮ್ಮನಿಗೆ ಕೊಡುತ್ತೇನೆ. ಮಗು ಅತ್ತಿತು. ಐದು ತುಂಬಿತು, ಆರು ತುಂಬಿತು. ಅಂಗಡಿಯಲ್ಲಿ ಬೆಲ್ಲದ ರಾಶಿಯೇ ಇತ್ತು, ತೂಗಲಿಲ್ಲ.

"ಎಂತಕೆ ಹೇಳ್ಲಿಲ್ಲ ಹ್ವಾಯ್? ನಂಗೊಂದ್ ಮಾತ್ ಹೇಳುಕ್ ಆಗ್ದಾ?" ಅತ್ತಿಗೆಯ ಸ್ವರವೇ ಬದಲಾಗಿತ್ತು.

"ತುಲಾಭಾರಕ್ಕೆ ಅಬ್ಬಿ ಅಪ್ಪ ಇಬ್ರೂ ಕೂರ್ಕಲೆ. ನಿಂಗ್ ಹೇಳಿರೆ ನೀ ನಗಾಡ್ತೆ ಅಂದೇಳಿ ಹೆದ್ರಿಕಿ. ಬಪ್ಪ ವರ್ಷ ಹೇಳುವ, ಬಪ್ಪ ವರ್ಷ ಹೇಳುವ ಅಂದ್ಕಂಡೆ."

"ನಾ ನಗಾಡ್ತಿದ್ನಾ?"

"ನಗಾಡ್ತಿದ್ದೆ," ಎಂದ ಅಣ್ಣ. ಸಿಟ್ಟಿನಿಂದ ಅಲ್ಲ, ಇದ್ದದ್ದನ್ನು ಹೇಳಿದ ಹಾಗೆ.

ಅತ್ತಿಗೆಯ ಕೈ ನಿಂತಿತು. ಏಳು ವರ್ಷ ಊರಿಡೀ ಅವಳ ಮೇಲೆ ಕಲ್ಲು ಹಾಕುವಾಗ ಇವನು ಬಾಯಿ ಮುಚ್ಚಿ ಕೂತಿದ್ದ. ಕಲ್ಲು ಹಾಕುವವರ ಜತೆ ತಾನೂ ಒಂದು ಹಾಕಿದ್ದ. ನನಗೆ ಒಡಹುಟ್ಟಿದವನ ಮೇಲೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಅತ್ತಿಗೆಗೆ ಬಂತೋ ಇಲ್ಲವೋ, ಅವಳು ಅವನ ಮುಖದ ಹತ್ತಿರ ಸರಿದು ಕೂತಳು.

"ಕೇಣಿ ಇಲ್ಲಿ. ಹೆಣ್ಣನ್ನ ಯಾರೂ ತಕಂಡ್ ಹೋಯ್ಲ. ಜ್ವರ ತಕಂಡ್ ಹೋಯ್ತ್. ನಿಮ್ಮ ತಪ್ಪೂ ಇಲ್ಲ, ನನ್ನದೂ ಇಲ್ಲ, ಅಮ್ಮಂದೂ ಇಲ್ಲ."

ಅವನು ತಲೆ ಅಲ್ಲಾಡಿಸಿದ. ಕಣ್ಣಿನ ಮೂಲೆಯಿಂದ ನೀರು ಕಿವಿಗೆ ಇಳಿಯಿತು. "ಅಲ್ಲಿಗ್ ಹೋದ್ರೆ ಹೆಣ್ಣ್ ಎದ್ರ್ ಬತ್ತ್. ಅಪ್ಪಯ್ಯ, ನನ್ ಬೆಲ್ಲ ಎಲ್ಲಿ ಅಂದೇಳಿ ಕೇಂತ್. ನಾ ಎಂತ ಹೇಳ್ಲಿ?"

ಎದುರಿಗೆ ಬರುವವರು ಅಲ್ಲಿ ಯಾರೂ ಇಲ್ಲ ಎಂದು ನಂಬಿದವಳು ಅತ್ತಿಗೆ. ಆ ನಂಬಿಕೆಯನ್ನು ಆ ಹೊತ್ತಿನಲ್ಲಿ ಅವನಿಗೆ ಹೇಗೆ ಕೊಡುವುದು?

ಮರುದಿನ ಶುಕ್ರವಾರ. ಬೆಳಿಗ್ಗೆ ಮಿಂದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, "ಹೋಪ ಗೋಪಿ," ಎಂದಳು. ಪಕ್ಕದ ಮನೆಯ ಗಿರಿಜಕ್ಕನನ್ನು ಅಣ್ಣನ ಹತ್ತಿರ ಕೂರಿಸಿ ಹೊರಟೆವು. ಏಳು ವರ್ಷಗಳ ಮೇಲೆ ಅವಳು ಗುಡಿಯ ಹೊಸ್ತಿಲು ದಾಟಿದಾಗ ಪೂಜೆಗೆ ಬಂದವರೆಲ್ಲ ತಿರುಗಿ ನೋಡಿದರು. ಸೆರಗಿನ ತುದಿಯಿಂದ ಒಂದು ನಾಣ್ಯ ಬಿಚ್ಚಿ ಅಮ್ಮನ ಮುಂದೆ ಇಟ್ಟಳು.

"ಎಂತ ಅಂತ ಹೇಳ್ಕಮ್ಮಾ?" ಭಟ್ಟರು ಕೇಳಿದರು.

"ಹರ್ಕಿ ತಡ ಆದದ್ದ್. ಬಾಯ್ ಜಾರಿ ಮಾತಾಡದ್ದ್. ಎಲ್ಲ ನನ್ ಹೆಸ್ರಲ್ಲೇ ಹೇಳಿ."

ನಾನು ಬಾಯಿ ತೆರೆದೆ. ಹರಕೆ ಅಣ್ಣನದಲ್ಲವೇ? ಅವಳು ನನ್ನ ಕೈ ಒತ್ತಿ ಹಿಡಿದಳು. ಅವನ ಹೆಸರು ಹೇಳಿದರೆ ಇಷ್ಟು ವರ್ಷ ಹೆಂಡತಿಯ ಮೇಲೆ ಹೊರಿಸಿ ಕೂತವ ಎಂದು ಊರು ಸಾಯುವವನಿಗೆ ಉಗುಳುತ್ತಿತ್ತು. ಭಟ್ಟರು ಪ್ರಾರ್ಥನೆ ಮಾಡಿದರು. ಅತ್ತಿಗೆ ಕಣ್ಣು ಮುಚ್ಚದೆ ನಿಂತಿದ್ದಳು. ಹಿಂದಿನಿಂದ ಯಾರೋ "ಅಂತೂ ಬಗ್ಗಿದ್ಲ್," ಎಂದದ್ದು ಅವಳಿಗೂ ಕೇಳಿಸಿತು.

ಮನೆಗೆ ಬಂದು ಪ್ರಸಾದದ ಹೂವನ್ನು ಅವನ ತಲೆದಿಂಬಿನ ಹತ್ತಿರ ಇಟ್ಟಳು. "ಹಾಕಿ ಬಂದೆ. ಎಲ್ಲ ತೀರ್ತ್ ಅಂದ್ರ್ ಭಟ್ರ್. ಅಮ್ಮ ಒಪ್ಕಂಡ್ಲ್."

"ಹೌದಾ?"

"ಹೌದ್."

ಅಣ್ಣ ಗಂಜಿ ಕೇಳಿದ. ಅವಳೇ ಕುಡಿಸಿದಳು, ಅವನು ಕುಡಿದ. ಚಮಚ ಹಿಡಿದ ಆ ಕಪ್ಪು ಕೈಯನ್ನು ನೋಡಲಾರದೆ ನಾನು ಎದ್ದು ಹಿತ್ತಲಿಗೆ ಹೋದೆ. ಆ ವಾರವೇ ಅವನು ನಿದ್ದೆಯಲ್ಲಿ ಹೋದ. ಹೊರಡಿಸುವ ಮೊದಲು ಅತ್ತಿಗೆ ಎಲ್ಲಿಂದಲೋ ಒಂದು ಅಚ್ಚು ಬೆಲ್ಲ ತರಿಸಿ, ಅವನಿಗೆ ಹೊದೆಸಿದ ಬಟ್ಟೆಯ ತುದಿಗೆ ಗಂಟು ಹಾಕಿದಳು. ನಾನು ನೋಡಿದ್ದನ್ನು ಕಂಡು, "ಕೇಂಡ್ರೆ ಕೊಡುಕ್ ಬೇಕಲೆ," ಎಂದು ಮಾತ್ರ ಹೇಳಿದಳು.

ಉತ್ತರಕ್ರಿಯೆಯ ಬೊಜ್ಜ ಮುಗಿಯಿತು. ರಾಜೀವಣ್ಣ ಬಂದು, ಇನ್ನೇನೂ ಇಲ್ಲ, ದೀಪದ ಚಾಕರಿ ನಿನ್ನದೇ, ಗುರುವಾರದಿಂದ ಬಾ ಎಂದರು. ಅವಳು ಆಯಿತು ಎಂದಳು, ಹೋಗಲಿಲ್ಲ. ಒಂದು ಗುರುವಾರ, ಇನ್ನೊಂದು ಗುರುವಾರ. ದೀಪಕ್ಕಾಗಿ ಅಷ್ಟು ವರ್ಷ ಕಟ್ಟೆಯ ಹತ್ತಿರ ನಿಂತವಳು ಈಗ ಯಾಕೆ ಹೋಗುತ್ತಿಲ್ಲ ಎಂದು ನನಗೆ ಹೊಳೆಯಲಿಲ್ಲ. ನಾನು ಯಡ್ತರೆಗೆ ಹೊರಡುವ ಹಿಂದಿನ ದಿನ ಅವಳೇ ಬಿಂಬುಳಿ ಕೊಯ್ದು ಬುಟ್ಟಿಗೆ ಹಾಕಿ ಕರೆದಳು.

ಮಧ್ಯಾಹ್ನದ ಹೊತ್ತು, ಗುಡಿಯಲ್ಲಿ ಭಟ್ಟರ ಹೊರತು ಯಾರೂ ಇರಲಿಲ್ಲ. ಅವಳು ದೀಪದ ಕಡೆ ಹೋಗದೆ ನೇರ ಅಮ್ಮನ ಮುಂದೆ ಹೋದಳು. ಸೆರಗಿನ ತುದಿ ಬಿಚ್ಚಿ ಇನ್ನೊಂದು ನಾಣ್ಯ ಇಟ್ಟಳು.

"ಇದೆಂತಕೆ ಅತ್ಗೆ? ತಪ್ಪುಕಾಣ್ಕಿ ಅವತ್ತೇ ಹಾಕಿ ಆಯ್ತಲೆ."

"ಅವತ್ ಹಾಕದ್ದಕ್ಕ್ ಇದ್," ಎಂದಳು. "ನಮ್ಮನಿ ಮಗಿನ್ ತೆಗ್ದದ್ ಅಮ್ಮ ಅಂದೇಳಿ ಹತ್ತ್ ಜನ್ರ್ ಎದ್ರ್ ಒಪ್ಕಂಡ್ ಬಂದೆ ಗೋಪಿ. ನಿನ್ ಅಣ್ಣಂಗೆ ಸಮಾಧಾನ ಆಯ್ಲಿ ಅಂದೇಳಿ ಒಪ್ಕಂಡೆ. ಆದ್ರೂ ಅಷ್ಟ್ ದೊಡ್ಡ ಸುಳ್ಳ್ ನಾ ಯಾರ್ ಮೇಲೂ ಹೇಳ್ಲಿಲ್ಲ."

"ಒಳ್ಗ್ ಯಾರೂ ಇಲ್ಲ ಅಂತ ನೀನೇ ಹೇಳ್ತಿದ್ದೆ."

"ಯಾರೂ ಇಲ್ದಿರೆ ತಪ್ಪ್ ತಪ್ಪಲ್ದಾ?"

ಭಟ್ಟರು ತಪ್ಪು ಏನೆಂದು ಹೇಳಲಿ ಎಂದು ಕೇಳಿದರು. ಅವಳು ಆ ಕಲ್ಲಿನ ಮುಖವನ್ನು ನೋಡುತ್ತಾ ತಾನೇ ಕೈ ಮುಗಿದು, "ಹೊಟ್ಟಿಗ್ ಹಾಕ್ಕ ಅಬ್ಬಿ," ಎಂದಳು. ಅಷ್ಟು ವರ್ಷಗಳಲ್ಲಿ ಅವಳು ಅಲ್ಲಿ ಏನನ್ನಾದರೂ ಬೇಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಮೇಲೆ ಹೊರಗೆ ಬಂದು, ಪೇಟೆಯ ಪುಡಿಯಿಂದ ಮಂಕಾಗಿದ್ದ ದೀಪಗಳನ್ನು ಒಂದೊಂದಾಗಿ ಇಳಿಸಿ ಕೂತಳು. ನಾನು ಅಳುತ್ತಲೇ ಬಿಂಬುಳಿ ಜಜ್ಜಿ ಕೊಟ್ಟೆ. ಅವಳ ಸುಲಿದ ಕೈಗೆ ಹುಳಿ ತಾಗಿ ಉರಿಯುತ್ತಿತ್ತು, ಆದರೂ ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ.